ಗೊಂಬೆ ಇಲಿಗೆ ಜೀವ ಬರೋದು ನಿಮ್ಮ ಕೈಯಿಂದ

ಪ್ರಶ್ನೆ: ನಮ್ಮ ಬೆಕ್ಕಿಗೆ 4 ವರ್ಷ. ಗಂಡು, ಸಂತಾನಹರಣದ ಆಪರೇಷನ್ ಆಗಿದೆ, ಮನೆಯಿಂದ ಹೊರಗೆ ಬಿಡುವುದಿಲ್ಲ. ಹಗಲೆಲ್ಲ ಮಲಗಿರುತ್ತಾನೆ. ರಾತ್ರಿ ನಾವು ಮಲಗಿದ ಮೇಲೆ ಕಾಲು ಸುಟ್ಟ ಬೆಕ್ಕು ಅಂತಾರಲ್ಲ, ಹಾಗೆ ಮನೆ ತುಂಬಾ ಓಡಾಡುತ್ತಾನೆ. ಬೆಳಗಿನ ಜಾವ 4 ಗಂಟೆಗೆ ಹೊದಿಕೆಯೊಳಗೆ ಪಾದ ಸ್ವಲ್ಪ ಅಲ್ಲಾಡಿದರೆ ಸಾಕು, ಎರಗಿ ಕಚ್ಚುತ್ತಾನೆ. ಒಂದು ವರ್ಷದಲ್ಲಿ ತೂಕ 4 ಕಿಲೋದಿಂದ 5.5 ಕಿಲೋಗೆ ಏರಿದೆ. ಒಂದು ಬುಟ್ಟಿ ತುಂಬಾ ಆಟಿಕೆ ಇದೆ, ಮೂಸಿಯೂ ನೋಡುವುದಿಲ್ಲ. ದಿನಾ ಆಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಇಷ್ಟು ದೊಡ್ಡ ಬೆಕ್ಕಿಗೂ ಆಟ ಬೇಕಾ? ಬೆಕ್ಕು ತಾನಾಗೇ ಆಡಿಕೊಳ್ಳುವ ಪ್ರಾಣಿ ಅಲ್ವಾ?

ಉತ್ತರ: ಬೇಕು. ದೊಡ್ಡ ಬೆಕ್ಕಿಗೂ ಬೇಕು, ಮುದಿ ಬೆಕ್ಕಿಗೂ ಬೇಕು. ಮನೆಯೊಳಗೇ ಇರುವ ಬೆಕ್ಕಿಗೆ ಊಟ, ನೀರು, ಮರಳಿನ ಟ್ರೇ ಎಷ್ಟು ಮುಖ್ಯವೋ ಆಟವೂ ಅಷ್ಟೇ ಮುಖ್ಯ. ಹಾಗಂತ ಗಾಬರಿ ಬೇಡ. ದಿನಕ್ಕೆ ಎರಡು ಸಲ, ಸಲಕ್ಕೆ ಹತ್ತು ನಿಮಿಷ ಸಾಕು. ಕೆಲಸಕ್ಕೆ ಹೋಗುವವರೂ ಹೊಂದಿಸಿಕೊಳ್ಳಬಹುದಾದ ಹೊತ್ತು ಅದು.

ಆಟಿಕೆಯನ್ನು ಮೂಸಿಯೂ ನೋಡುವುದಿಲ್ಲ ಅಂದಿರಿ. ಅದರಲ್ಲಿ ನಿಮ್ಮ ಬೆಕ್ಕಿನ ತಪ್ಪೇನೂ ಇಲ್ಲ. ಬುಟ್ಟಿಯಲ್ಲಿ ಬಿದ್ದಿರುವ ಗೊಂಬೆ ಇಲಿ ಅವನ ಕಣ್ಣಿಗೆ ಸತ್ತ ಇಲಿ. ಅಲ್ಲಾಡದ್ದನ್ನು ಬೆಕ್ಕು ಯಾಕೆ ಹಿಡಿಯಬೇಕು? ಆ ಗೊಂಬೆಗೆ ಜೀವ ಕೊಡಬೇಕಾದವರು ನೀವು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆ ನಮಗೆಲ್ಲ ಗೊತ್ತು. ಬೆಕ್ಕು ಇಲಿಯನ್ನು ಹಿಡಿದು ಬಿಡುವುದು, ಮತ್ತೆ ತಟ್ಟುವುದು, ಮತ್ತೆ ಹಿಡಿಯುವುದು ನೋಡಿದವರು ಕಟ್ಟಿದ ಮಾತು ಅದು. ಹತ್ತಿರದಿಂದ ನೋಡಿದರೆ ಅಲ್ಲಿ ಬೆಕ್ಕಿಗೂ ಎಚ್ಚರ ಬೇಕೇ ಬೇಕು. ಇಲಿಗೂ ಹಲ್ಲಿದೆ, ಮೂತಿಗೆ ಕಚ್ಚಿದರೆ ಬೆಕ್ಕಿಗೆ ಗಾಯ. ಅದಕ್ಕೇ ಕೊನೆಯ ಕಡಿತಕ್ಕೆ ಮೊದಲು ತಟ್ಟಿ ತಟ್ಟಿ ಅದನ್ನು ಸುಸ್ತು ಮಾಡುತ್ತದೆ. ಆದರೂ ಗಾದೆ ಒಂದು ವಿಷಯವನ್ನು ಸರಿಯಾಗಿ ಹಿಡಿದಿದೆ. ಬೆಕ್ಕಿನಲ್ಲಿ ಬೇಟೆ ಎಲ್ಲಿ ಮುಗಿಯಿತು, ಆಟ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋದು ಕಷ್ಟ. ಹೊಂಚು ಹಾಕುವುದು, ಹೊಟ್ಟೆ ನೆಲಕ್ಕೆ ತಾಗಿಸಿ ಹತ್ತಿರ ಸರಿಯುವುದು, ಹಿಂಭಾಗ ಅಲ್ಲಾಡಿಸುವುದು, ಎರಗುವುದು, ಮುಂಗಾಲಲ್ಲಿ ಅಪ್ಪಿ ಹಿಡಿದು ಹಿಂಗಾಲಲ್ಲಿ ಒದೆಯುವುದು, ಕಚ್ಚುವುದು. ಇಲಿ ಸಿಕ್ಕರೂ ಇದೇ, ಗರಿ ಸಿಕ್ಕರೂ ಇದೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಟ್ಟೆ ತುಂಬಿದರೆ ಬೆಕ್ಕಿನ ಬೇಟೆಯ ಆಸೆ ತೀರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತೀರುವುದಿಲ್ಲ. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ತಮಗೆ ಬಹಳ ಇಷ್ಟವಾದ ಊಟ ಮಾಡುತ್ತಿದ್ದ ಬೆಕ್ಕುಗಳ ಮುಂದೆ ಇಲಿ ಬಿಟ್ಟರು. ಬೆಕ್ಕುಗಳು ಊಟ ಬಿಟ್ಟು ಎದ್ದವು, ಇಲಿ ಕೊಂದವು, ಮತ್ತೆ ಬಂದು ಅದೇ ಊಟ ಮುಂದುವರಿಸಿದವು. ತಿನ್ನುವುದು ಒಂದು, ಹಿಡಿಯುವುದು ಇನ್ನೊಂದು. ಹಸಿವಿದ್ದರೆ ಬೇಟೆಯ ಹುರುಪು ಜಾಸ್ತಿ ಆಗುತ್ತದೆ ನಿಜ, ಆದರೆ ಹಸಿವಿಲ್ಲ ಅಂತ ಅದು ಆರಿಹೋಗುವುದಿಲ್ಲ.

ಯಾಕೆ ಹೀಗೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ತಿಳಿಯುತ್ತದೆ. ಒಂದು ಚಿಕ್ಕ ಇಲಿಯಿಂದ ಬೆಕ್ಕಿಗೆ ಸಿಗುವುದು ಸುಮಾರು 30 ಕ್ಯಾಲರಿ. 4 ಕಿಲೋ ಬೆಕ್ಕಿಗೆ ದಿನಕ್ಕೆ 200 ಕ್ಯಾಲರಿಯ ಆಸುಪಾಸು ಬೇಕು. ಅಂದರೆ ದಿನಕ್ಕೆ ಏಳೆಂಟು ಇಲಿ. ಎರಗಿದಾಗಲೆಲ್ಲ ಇಲಿ ಸಿಗುವುದಿಲ್ಲ, ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಹಸಿವಾಗುವ ತನಕ ಕಾದು ಆಮೇಲೆ ಹೊರಟರೆ ಬದುಕುವುದು ಕಷ್ಟ. ಹಾಗಾಗಿ ಕಣ್ಣೆದುರು ಏನೋ ಸರಿದರೆ ತಕ್ಷಣ ಹಿಡಿಯಬೇಕು ಅನ್ನುವುದು ಬೆಕ್ಕಿನ ಮೈಯಲ್ಲೇ ಬಂದಿದೆ. ಒಂಟಿಯಾಗಿ ಬೇಟೆಯಾಡುತ್ತಿದ್ದ ಕಾಡುಬೆಕ್ಕಿನಿಂದ ಬಂದ ಪ್ರಾಣಿ ಇದು. ನಮ್ಮ ಜೊತೆ ಸಾವಿರಾರು ವರ್ಷ ಇದ್ದರೂ ಆ ಗುಣ ಮಾಸಿಲ್ಲ.

ಈಗ ನಿಮ್ಮವನ ದಿನ ಹೇಗಿದೆ ನೋಡಿ. ಬಟ್ಟಲು ತುಂಬಿದೆ. ಕಾಯುವ ಕೆಲಸ ಇಲ್ಲ, ಹುಡುಕುವ ಕೆಲಸ ಇಲ್ಲ, ಓಡುವ ಕೆಲಸ ಇಲ್ಲ. ಮನೆಯಲ್ಲಿ ಯಾರೂ ಇಲ್ಲ. ಬೇರೇನು ಮಾಡಲು ಸಾಧ್ಯ? ಮಲಗುತ್ತಾನೆ. ಅದನ್ನು ನಾವು ಸೋಮಾರಿತನ ಅನ್ನುತ್ತೇವೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಕೆಲಸ ಕೊಡದೆ ಕೂರಿಸಿದವರು ನಾವು.

ಇನ್ನು ಬೆಳಗಿನ ಜಾವ 4 ಗಂಟೆಯ ವಿಷಯ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಬೆಕ್ಕಿಗೆ ಚುರುಕು ಜಾಸ್ತಿ. ಕಡಿಮೆ ಬೆಳಕಿನಲ್ಲಿ ಚೆನ್ನಾಗಿ ಕಾಣುವ ಕಣ್ಣು, ಹುಲ್ಲಿನಡಿ ಇಲಿ ಸರಿದ ಸದ್ದನ್ನೂ ಹಿಡಿಯುವ ಕಿವಿ ಅದಕ್ಕಿದೆ. ಆ ಹೊತ್ತಿಗೆ ನಿಮ್ಮ ಮನೆಯಲ್ಲಿ ಅಲ್ಲಾಡುತ್ತಿರುವುದು ಒಂದೇ ವಸ್ತು, ಹೊದಿಕೆಯ ಕೆಳಗಿನ ನಿಮ್ಮ ಪಾದ. ಬಟ್ಟೆಯಡಿ ಪುಟ್ಟದೊಂದು ಉಬ್ಬು, ಸ್ವಲ್ಪ ಸರಿಯುತ್ತದೆ, ಸರಸರ ಅಂತ ಸದ್ದು ಮಾಡುತ್ತದೆ, ನಿಲ್ಲುತ್ತದೆ. ಬಿಲದೊಳಗಿನ ಇಲಿಯೂ ಹೀಗೇ ಅಲ್ವಾ? ಅವನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಹಟವೂ ಇಲ್ಲ. ಇಡೀ ದಿನದಲ್ಲಿ ಅವನಿಗೆ ಸಿಕ್ಕ ಒಂದೇ ಬೇಟೆ ಅದು. ಅದರ ಮೇಲೆ ನೀವು ಕಿರುಚಿ ಎದ್ದು ಕಾಲು ಎಳೆದುಕೊಂಡರೆ ಬೇಟೆ ಇನ್ನೂ ರುಚಿಯಾಗುತ್ತದೆ.

ಹೇಗೆ ಆಡಿಸಬೇಕು ಅನ್ನುವಲ್ಲಿ ಬಹಳ ಜನ ಎಡವುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಉದ್ದ ಕೋಲು, ಅದರ ತುದಿಗೆ ದಾರ, ದಾರದ ತುದಿಗೆ ಗರಿಯೋ ಬಟ್ಟೆಯ ತುಂಡೋ. ಇಷ್ಟಿದ್ದರೆ ಸಾಕು. ಇದನ್ನು ಬೆಕ್ಕಿನ ಮೂಗಿನ ಮುಂದೆ ಹಿಡಿದು ಅಲ್ಲಾಡಿಸಬೇಡಿ. ಬಹಳ ಹತ್ತಿರದ ವಸ್ತು ಬೆಕ್ಕಿಗೆ ಮಸುಕಾಗಿ ಕಾಣುತ್ತದೆ. ಸುಮಾರು ಒಂದು ಗೇಣಿಗಿಂತ ಹತ್ತಿರ ಬಂದದ್ದನ್ನು ಅದು ಕಣ್ಣಿಗಿಂತ ಮೀಸೆಯಿಂದಲೇ ಹೆಚ್ಚು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಯಾವ ಇಲಿಯೂ ತಾನಾಗಿ ಬಂದು ಬೆಕ್ಕಿನ ಮುಖಕ್ಕೆ ಬಡಿಯುವುದಿಲ್ಲ. ತನ್ನ ಕಡೆಗೇ ನುಗ್ಗಿ ಬರುವ ವಸ್ತುವಿಗೆ ಬೆಕ್ಕು ಹೆದರಿ ಹಿಂದೆ ಸರಿಯುತ್ತದೆ. ಆಟಿಕೆ ಯಾವಾಗಲೂ ಅದರಿಂದ ದೂರ ಓಡಬೇಕು, ಇಲ್ಲವೇ ಅಡ್ಡಕ್ಕೆ ಸರಿಯಬೇಕು.

ನಮ್ಮ ಮನೆಯ ಚುಕ್ಕಿಗೆ ಈಗ 11 ವರ್ಷ. ಅವಳನ್ನು ನಾನು ಆಡಿಸುವುದು ಹೀಗೆ. ಗರಿಯನ್ನು ಚಾಪೆಯ ಕೆಳಗೆ ತೂರಿಸುತ್ತೇನೆ, ತುದಿ ಮಾತ್ರ ಹೊರಗೆ ಕಾಣಬೇಕು. ಒಂದು ಸಲ ಸಣ್ಣಗೆ ನಡುಗಿಸಿ ನಿಲ್ಲಿಸುತ್ತೇನೆ. ಚುಕ್ಕಿ ಏಳುವುದಿಲ್ಲ, ಕಿವಿ ಮಾತ್ರ ಆ ಕಡೆ ತಿರುಗುತ್ತದೆ. ನಾನು ಕಾಯುತ್ತೇನೆ. ಮತ್ತೊಂದು ಸಲ ನಡುಗಿಸಿ ಗರಿಯನ್ನು ಎರಡು ಬೆರಳಷ್ಟು ಒಳಗೆ ಎಳೆಯುತ್ತೇನೆ. ಈಗ ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಮೀಸೆ ಮುಂದಕ್ಕೆ ಬರುತ್ತದೆ. ಗರಿ ಪೂರ್ತಿ ಒಳಗೆ ಹೋಗಿ ಚಾಪೆ ಮೇಲೆ ಕಂಡೂ ಕಾಣದ ಹಾಗೆ ಒಂದು ಉಬ್ಬು ಸರಿದಾಗ ಅವಳ ಹಿಂಗಾಲು ಎರಡೂ ನೆಲ ತುಳಿಯಲು ಶುರು ಮಾಡುತ್ತವೆ. ಆಮೇಲೆ ಒಂದೇ ನೆಗೆತ. ಎಲ್ಲ ಸೇರಿ ಮೂರು ನಿಮಿಷ. ಅದರಲ್ಲಿ ಎರಡೂವರೆ ನಿಮಿಷ ಅವಳು ಕೂತಲ್ಲೇ ಕೂತಿದ್ದಳು.

ಆ ಎರಡೂವರೆ ನಿಮಿಷವೂ ಆಟವೇ. ಇದು ಗೊತ್ತಿಲ್ಲದೆ ಎಷ್ಟೋ ಜನ "ನಮ್ಮ ಬೆಕ್ಕಿಗೆ ಇಷ್ಟ ಇಲ್ಲ, ಸುಮ್ನೆ ನೋಡುತ್ತಾ ಕೂರುತ್ತೆ" ಅಂತ ಕೋಲು ಎತ್ತಿಟ್ಟುಬಿಡುತ್ತಾರೆ. ಬೆಕ್ಕು ನಾಯಿಯ ಹಾಗೆ ಅಟ್ಟಿಸಿಕೊಂಡು ಹೋಗಿ ಸುಸ್ತು ಮಾಡಿ ಹಿಡಿಯುವ ಪ್ರಾಣಿ ಅಲ್ಲ. ಕಾದು ಕೂತು, ಒಂದು ಗಳಿಗೆಯಲ್ಲಿ ಎರಗುವ ಪ್ರಾಣಿ. ನಿಮ್ಮ ಬೆಕ್ಕು ಗರಿಯಿಂದ ಕಣ್ಣು ತೆಗೆಯದೆ ಕೂತಿದ್ದರೆ ಅವನ ಮನಸ್ಸು ಪೂರ್ತಿ ಕೆಲಸದಲ್ಲಿದೆ ಅಂತ ಅರ್ಥ. ಆ ಹೊತ್ತಿನಲ್ಲಿ ನಿಮಗೆ ಬೇಕಾದದ್ದು ತಾಳ್ಮೆ. ಆಟಿಕೆಯನ್ನು ನಿಧಾನ ಸರಿಸಿ, ನಿಲ್ಲಿಸಿ, ಮರೆಯಾಗಿಸಿ. ಸೋಫಾದ ಹಿಂದೆ, ಬಾಗಿಲ ಸಂದಿಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ. ಕಣ್ಮರೆಯಾಗುತ್ತಿರುವ ಬೇಟೆಯನ್ನು ಬಿಡುವ ಬೆಕ್ಕು ಕಡಿಮೆ.

ಒಂದೊಂದು ಬೆಕ್ಕಿಗೆ ಒಂದೊಂದು ಬೇಟೆ ಇಷ್ಟ. ಕೆಲವಕ್ಕೆ ನೆಲದ ಮೇಲೆ ಇಲಿಯ ಹಾಗೆ ಓಡುವುದು ಬೇಕು. ಕೆಲವಕ್ಕೆ ಹಕ್ಕಿಯ ಹಾಗೆ ಮೇಲೆ ಹಾರಿ ಇಳಿಯುವುದು ಬೇಕು. ಇನ್ನು ಕೆಲವು ಹುಳುವಿನ ಹಾಗೆ ಸಣ್ಣಗೆ ತೆವಳುವುದಕ್ಕೆ ಸೋಲುತ್ತವೆ. ಮೂರೂ ಮಾಡಿ ನೋಡಿ, ಯಾವುದಕ್ಕೆ ಕಿವಿ ನೆಟ್ಟಗಾಗುತ್ತದೆ ಅಂತ ಅವನೇ ತೋರಿಸುತ್ತಾನೆ.

ಕೊನೆಗೆ ಹಿಡಿಯಲು ಬಿಡಲೇಬೇಕು. ನಡುನಡುವೆಯೂ ಬಿಡಿ, ಕೊನೆಯಲ್ಲಂತೂ ತಪ್ಪದೆ ಬಿಡಿ. ಹಿಡಿದ ಮೇಲೆ ಕಿತ್ತುಕೊಳ್ಳಬೇಡಿ. ಕಚ್ಚಲಿ, ಒದೆಯಲಿ, ಬಾಯಲ್ಲಿ ಕಚ್ಚಿಕೊಂಡು ನಾಲ್ಕು ಹೆಜ್ಜೆ ಹೋಗಲಿ. ಆಟ ನಿಲ್ಲಿಸುವ ಮೊದಲು ಆಟಿಕೆಯ ಓಟವನ್ನು ನಿಧಾನ ಮಾಡುತ್ತಾ ಬನ್ನಿ, ಗಾಯಗೊಂಡ ಇಲಿ ಸೋಲುವ ಹಾಗೆ. ಆಮೇಲೆ ತಕ್ಷಣ ಊಟ ಕೊಡಿ. ಬೇಟೆಯಾಡಿದ ಮೇಲೆ ತಿನ್ನುವುದು, ತಿಂದ ಮೇಲೆ ಮೈ ನೆಕ್ಕಿಕೊಳ್ಳುವುದು, ಆಮೇಲೆ ನಿದ್ದೆ. ಇದು ಬೆಕ್ಕಿನ ಮೈ ಬಲ್ಲ ಕ್ರಮ. ರಾತ್ರಿ ಆಟ ಮುಗಿಸಿ ಊಟ ಕೊಟ್ಟರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಸಡಿಲವಾಗುತ್ತದೆ.

ಇದೇ ಕಾರಣಕ್ಕೆ ನನಗೆ ಲೇಸರ್ ಲೈಟ್ ಮೇಲೆ ಅಷ್ಟು ಒಲವಿಲ್ಲ. ಕೆಂಪು ಚುಕ್ಕಿಯ ಹಿಂದೆ ಬೆಕ್ಕು ಓಡುವುದೇನೋ ಓಡುತ್ತದೆ. ಆದರೆ ಎಷ್ಟು ಸಲ ಹಿಡಿದರೂ ಕಾಲಿನ ಕೆಳಗೆ ಏನೂ ಸಿಗುವುದಿಲ್ಲ. 2021ರಲ್ಲಿ ಬೆಕ್ಕು ಸಾಕುವವರನ್ನು ಕೇಳಿ ಮಾಡಿದ ಒಂದು ಅಧ್ಯಯನದಲ್ಲಿ ಲೇಸರ್ ಜಾಸ್ತಿ ಬಳಸುವ ಮನೆಗಳ ಬೆಕ್ಕುಗಳಲ್ಲಿ ನೆರಳಿನ ಹಿಂದೆ ಓಡುವುದು, ಬೆಳಕನ್ನೇ ದಿಟ್ಟಿಸುವುದು ಮುಂತಾದ ಚಾಳಿಗಳು ಹೆಚ್ಚು ಕಂಡವು. ಲೇಸರ್‌ನಿಂದಲೇ ಹೀಗಾಯಿತು ಅಂತ ಅಷ್ಟರಿಂದ ಸಾಬೀತಾಗುವುದಿಲ್ಲ. ಆದರೂ ಹಿಡಿಯಲಾಗದ ಬೇಟೆಯನ್ನು ದಿನಾ ಯಾಕೆ ಓಡಿಸಬೇಕು? ಬಳಸಲೇಬೇಕು ಅಂದರೆ ಕೊನೆಗೆ ಆ ಬೆಳಕನ್ನು ಒಂದು ನಿಜವಾದ ಆಟಿಕೆಯ ಮೇಲೋ ತಿನಿಸಿನ ಮೇಲೋ ತಂದು ನಿಲ್ಲಿಸಿ. ಕಣ್ಣಿಗೆ ಮಾತ್ರ ಯಾವತ್ತೂ ಬಿಡಬೇಡಿ.

ಬುಟ್ಟಿ ತುಂಬಾ ಆಟಿಕೆ ಇದ್ದೂ ಬೇಜಾರು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ಮೂರನೇ ಸಲಕ್ಕೆ ಬೆಕ್ಕಿನ ಉತ್ಸಾಹ ಇಳಿದುಹೋಗಿತ್ತು. ಆಗಲೇ, ಬಹಳ ಹೊತ್ತು ಬಿಡದೆ, ಬೇರೆ ಥರದ ಆಟಿಕೆ ಕೊಟ್ಟರು. ಆಟ ಮೊದಲ ಸಲಕ್ಕಿಂತಲೂ ಜೋರಾಯಿತು. 2002ರಲ್ಲಿ ಪ್ರಕಟವಾದ ಕೆಲಸ ಇದು. ಬೆಕ್ಕಿಗೆ ಆಟ ಸಾಕಾಗಿರಲಿಲ್ಲ, ಆ ಆಟಿಕೆ ಸಾಕಾಗಿತ್ತು. ಎಷ್ಟು ಕಚ್ಚಿದರೂ ಹರಿಯದ, ಬದಲಾಗದ ವಸ್ತುವನ್ನು ಬೆಕ್ಕು ಬೇಟೆ ಅಂತ ಎಷ್ಟು ಹೊತ್ತು ನಂಬುತ್ತದೆ, ಹೇಳಿ.

ಹಾಗಾಗಿ ಬುಟ್ಟಿಯನ್ನು ಈಗಲೇ ಕಪಾಟಿನೊಳಗೆ ಇಡಿ. ಎರಡೋ ಮೂರೋ ಆಟಿಕೆ ಮಾತ್ರ ಹೊರಗೆ. ಕೆಲವು ದಿನಕ್ಕೊಮ್ಮೆ ಬದಲಾಯಿಸಿ. ಕೋಲಿನ ತುದಿಗೂ ಎರಡು ಮೂರು ಥರದ ತುಂಡು ಇಟ್ಟುಕೊಳ್ಳಿ. ಆಟದ ನಡುವೆ ಮನಸ್ಸು ಹೋಯಿತು ಅನ್ನಿಸಿದರೆ ತುದಿ ಬದಲಾಯಿಸಿ ನೋಡಿ, ಆಮೇಲೆ ನಿಲ್ಲಿಸುವ ಯೋಚನೆ ಮಾಡಿ. ಹೊಸದು ಕೊಳ್ಳಲೇಬೇಕು ಅಂತಿಲ್ಲ. ಒಳಗೆ ಒಂದು ಚೆಂಡು ಹಾಕಿದ ರಟ್ಟಿನ ಪೆಟ್ಟಿಗೆ, ಉಂಡೆ ಮಾಡಿದ ಕಾಗದ, ಗಂಟು ಹಾಕಿದ ಹಳೆಯ ಕಾಲುಚೀಲ, ಇವೆಲ್ಲ ಬೆಕ್ಕಿಗೆ ಹೊಸತೇ. ಕಾಗದದ ಸರಸರ ಸದ್ದಿಗೆ ಮಲಗಿದ್ದ ಬೆಕ್ಕೂ ಎದ್ದು ಬರುತ್ತದೆ.

ನಿಮ್ಮ ಮನೆಗೆ ಒಂದು ದಿನಚರಿ ಹೇಳುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಐದರಿಂದ ಹತ್ತು ನಿಮಿಷ ಆಟ, ಆಮೇಲೆ ತಿಂಡಿ. ರಾತ್ರಿ ನೀವು ಮಲಗುವುದಕ್ಕೆ ಅರ್ಧ ಗಂಟೆ ಮೊದಲು ಹತ್ತು ಹದಿನೈದು ನಿಮಿಷ ಜೋರು ಆಟ, ಆಮೇಲೆ ಅವನ ದಿನದ ಕೊನೆಯ ಊಟ. ದಿನಾ ಅದೇ ಹೊತ್ತಿಗೆ. ಬೆಕ್ಕು ಹೊತ್ತನ್ನು ಚೆನ್ನಾಗಿ ನೆನಪಿಡುತ್ತದೆ. ಒಂದೆರಡು ವಾರ ಕಳೆದರೆ ಆ ಹೊತ್ತಿಗೆ ತಾನೇ ಬಂದು ಕಪಾಟಿನ ಮುಂದೆ ಕೂರುತ್ತಾನೆ. ಭಾನುವಾರ ಒಂದು ಗಂಟೆ ಆಡಿಸಿ ಉಳಿದ ದಿನ ಬಿಡುವುದರಿಂದ ಅವನಿಗೆ ಹೆಚ್ಚು ಉಪಯೋಗ ಇಲ್ಲ. ಬೆಕ್ಕಿನ ಮೈ ಉದ್ದ ಓಟಕ್ಕೆ ಅಲ್ಲ, ಚಿಕ್ಕ ಚಿಕ್ಕ ಜಿಗಿತಕ್ಕೆ. ಹೊರಗಿದ್ದರೆ ದಿನದಲ್ಲಿ ಹಲವು ಸಲ ಸಣ್ಣ ಸಣ್ಣ ಬೇಟೆ ಆಡುವ ಪ್ರಾಣಿ ಅದು. ಆಟವೂ ಹಾಗೇ ಹಂಚಿ ಬರಬೇಕು.

ಇದರ ಜೊತೆಗೆ ಇನ್ನೊಂದು ಮಾಡಬೇಕು, ಇದು ಕಷ್ಟದ್ದು. 4 ಗಂಟೆಗೆ ಅವನು ಎಬ್ಬಿಸಿದಾಗ ಏಳಬೇಡಿ, ಊಟ ಹಾಕಬೇಡಿ, ಬೈಯಲೂಬೇಡಿ. ಬೈಗುಳವೂ ಅವನ ಪಾಲಿಗೆ ಒಂದು ಉತ್ತರವೇ. ಮೊದಲ ಕೆಲವು ದಿನ ಅವನ ಕೂಗು, ಓಡಾಟ ಈಗಿಗಿಂತ ಜಾಸ್ತಿ ಆಗಬಹುದು. ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದ ಉಪಾಯ ಕೈಕೊಟ್ಟರೆ ಯಾರಾದರೂ ಇನ್ನೊಂದು ಸಲ ಜೋರಾಗಿ ಪ್ರಯತ್ನ ಮಾಡುತ್ತಾರೆ, ಅಷ್ಟೇ. ಆಗ ಸೋತು ಎದ್ದರೆ, ಇಷ್ಟು ಜೋರಾಗಿ ಕೂಗಿದರೆ ಏಳುತ್ತಾರೆ ಅಂತ ಕಲಿತುಬಿಡುತ್ತಾನೆ. ಆ ದಿನಗಳಲ್ಲಿ ಪಾದಕ್ಕೆ ದಪ್ಪ ಹೊದಿಕೆ ಇರಲಿ. ಮಂಚದಿಂದ ದೂರ ಒಂದಿಷ್ಟು ಒಣ ಆಹಾರವನ್ನು ಅಲ್ಲಲ್ಲಿ ಅಡಗಿಸಿಟ್ಟು ಮಲಗಿದರೆ ನಸುಕಿಗೆ ಅವನಿಗೂ ಹುಡುಕುವ ಕೆಲಸ ಸಿಗುತ್ತದೆ. ಅದು ದಿನದ ಲೆಕ್ಕದಿಂದಲೇ ತೆಗೆದದ್ದಾಗಿರಲಿ, ಮೇಲಿಂದ ಹೆಚ್ಚು ಬೇಡ.

ಕೈಬೆರಳು, ಕಾಲ್ಬೆರಳನ್ನು ಆಟಿಕೆ ಮಾಡಬೇಡಿ. ಮರಿ ಇದ್ದಾಗ ಬೆರಳು ಕಚ್ಚಿದರೆ ಮುದ್ದಾಗಿರುತ್ತದೆ, ಎಲ್ಲರೂ ಮಾಡುತ್ತಾರೆ. ಅದೇ ಮರಿ 5 ಕಿಲೋ ಆದಾಗ ಅದಕ್ಕೆ ಯಾರೂ ನಿಯಮ ಬದಲಾಗಿದೆ ಅಂತ ಹೇಳಿರುವುದಿಲ್ಲ. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ. ಮೇಲೆ ಚುಕ್ಕಿಯಷ್ಟೇ ಗಾಯ ಕಂಡರೂ ಒಳಗೆ ಸೋಂಕು ಬೇಗ ಹರಡುತ್ತದೆ. ಕಚ್ಚಿ ರಕ್ತ ಬಂದರೆ ಸೋಪು ನೀರಲ್ಲಿ ಹದಿನೈದು ನಿಮಿಷ ಚೆನ್ನಾಗಿ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಿ. ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ನಿಮ್ಮ ಬೆಕ್ಕಿನ ಲಸಿಕೆ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ.

ಆಟದ ನಡುವೆ ಬಾಲ ಜೋರಾಗಿ ಬಡಿಯಲು ಶುರುವಾದರೆ, ಕಿವಿ ತಲೆಗೆ ಅಂಟಿದರೆ, ಬೆನ್ನಿನ ಚರ್ಮ ಅಲೆಯ ಹಾಗೆ ನಡುಗಿದರೆ ಕೋಲು ನಿಲ್ಲಿಸಿ. ಉದ್ವೇಗ ಏರಿದೆ ಅಂತ ಅರ್ಥ. ಒಂದೆರಡು ನಿಮಿಷ ಬಿಟ್ಟರೆ ತಾನೇ ಇಳಿಯುತ್ತದೆ. ಆಗ ಮುದ್ದು ಮಾಡಲು ಹೋಗಿ ಪರಚಿಸಿಕೊಂಡವರು ಬಹಳ ಜನ.

ತೂಕದ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಆಟದಿಂದ ಮಾತ್ರ ಒಂದೂವರೆ ಕಿಲೋ ಇಳಿಯುವುದಿಲ್ಲ. ಆಪರೇಷನ್ ಆದ ಬೆಕ್ಕಿಗೆ ಬೇಕಾದ ಆಹಾರ ಕಡಿಮೆ, ಹಸಿವು ಮಾತ್ರ ಜಾಸ್ತಿ. ಇಡೀ ದಿನ ಬಟ್ಟಲು ತುಂಬಿಟ್ಟರೆ ತೂಕ ಏರಿಯೇ ಏರುತ್ತದೆ. 4 ಕಿಲೋ ಇದ್ದವನಿಗೆ 1.5 ಕಿಲೋ ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಸೇರಿದ ಹಾಗೆ, ಇದು ಚಿಕ್ಕ ಸಂಗತಿ ಅಲ್ಲ. ದಪ್ಪ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ಕೀಲುಗಳ ಮೇಲೂ ಭಾರ. ಆಹಾರವನ್ನು ಅಳೆದು ಹಾಕಬೇಕು. ಎಷ್ಟು ಅನ್ನುವುದನ್ನು ಅವನನ್ನು ನೋಡಿದ ಡಾಕ್ಟರ್ ಹೇಳಬೇಕು. ಆತುರದಿಂದ ಉಪವಾಸ ಹಾಕಬೇಡಿ, ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರ್‌ನಲ್ಲಿ ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಆಟ ಇಲ್ಲಿ ಮಾಡುವ ಸಹಾಯವೇ ಬೇರೆ. ಬೇಜಾರಿಗೆ ತಿನ್ನುವುದು ಕಡಿಮೆಯಾಗುತ್ತದೆ. ಬಟ್ಟಲ ಮುಂದೆ ಕೂಗುವ ಹೊತ್ತಿನಲ್ಲಿ ಎಷ್ಟೋ ಸಲ ಅವನಿಗೆ ಬೇಕಾಗಿರುವುದು ನೀವು, ಊಟ ಅಲ್ಲ. ಒಣ ಆಹಾರದ ಕಾಳುಗಳನ್ನು ಒಂದೊಂದಾಗಿ ನೆಲದ ಮೇಲೆ ದೂರಕ್ಕೆ ಉರುಳಿಸಿ. ಓಡಿ ಹಿಡಿದು ತಿನ್ನಲಿ. ಅದೂ ಆಟವೇ.

ಗಂಡು ಬೆಕ್ಕು ಅಂದಿದ್ದಕ್ಕೆ ಇನ್ನೊಂದು ಹೇಳಬೇಕು. ಮನೆಯೊಳಗೇ ಇರುವ, ದಪ್ಪಗಿರುವ, ಓಡಾಟ ಕಡಿಮೆ ಇರುವ ಬೆಕ್ಕುಗಳಲ್ಲಿ ಮೂತ್ರಕೋಶದ ಊತ ಹೆಚ್ಚು ಕಾಣುತ್ತೇವೆ. ಎಷ್ಟೋ ಸಲ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ. ಮನಸ್ಸಿನ ಒತ್ತಡಕ್ಕೂ ಈ ಕಾಯಿಲೆಗೂ ಹತ್ತಿರದ ನಂಟು. ಅದಕ್ಕೆ ಡಾಕ್ಟರುಗಳು ಔಷಧದ ಜೊತೆ ಮನೆಯ ವಾತಾವರಣ ಸರಿಮಾಡಿ ಅಂತಲೂ ಹೇಳುತ್ತಾರೆ. ಅದರಲ್ಲಿ ದಿನನಿತ್ಯದ ಆಟವೂ ಸೇರಿದೆ. ಬೆಕ್ಕಿನ ವೈದ್ಯರ ಎರಡು ಸಂಘಗಳು, ಒಂದು ಅಮೆರಿಕದ್ದು, ಇನ್ನೊಂದು ಅಂತರರಾಷ್ಟ್ರೀಯ, ಸೇರಿ 2013ರಲ್ಲಿ ಬೆಕ್ಕಿನ ಬದುಕಿಗೆ ಬೇಕಾದ ಐದು ಆಧಾರಗಳನ್ನು ಪಟ್ಟಿ ಮಾಡಿದವು. ಆಡುವ ಮತ್ತು ಬೇಟೆಯ ಗುಣ ತೋರಿಸುವ ಅವಕಾಶವೂ ಆ ಐದರಲ್ಲಿ ಒಂದು. ಅಂದರೆ ಇದು ಬಿಡುವಿದ್ದರೆ ಮಾಡುವ ಮುದ್ದು ಅಲ್ಲ. ನಿಮ್ಮ ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕುತ್ತಿದ್ದು ಮೂತ್ರ ಬರುತ್ತಿಲ್ಲ ಅನ್ನಿಸಿದರೆ ಆಟ, ಊಟ ಎಲ್ಲ ಬಿಟ್ಟು ಆ ಗಳಿಗೆಯೇ ಆಸ್ಪತ್ರೆಗೆ ಓಡಿ. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು.

ಹೊರಗೆ ಓಡಾಡುವ ಬೆಕ್ಕಿಗೂ ಆಟದಿಂದ ಬದಲಾವಣೆ ಆಗುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳನ್ನು ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ಹಿಡಿದು ತರುವ ಬೇಟೆ ಶೇಕಡಾ 25ರಷ್ಟು ಇಳಿಯಿತು. ಐದು ಹತ್ತು ನಿಮಿಷದ ಗರಿ ಎಷ್ಟೋ ಇಲಿಗಳ ಜೀವ ಉಳಿಸಿತು. ನಿಮ್ಮ ಮನೆಯಲ್ಲಿ ಅದೇ ಲೆಕ್ಕ ನಿಮ್ಮ ಪಾದಕ್ಕೆ ಅನ್ವಯಿಸುತ್ತದೆ.

ಆಟದ ಇನ್ನೊಂದು ಲಾಭ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ. ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಕುಂಟುವುದಿಲ್ಲ, ಅಳುವುದಿಲ್ಲ, ಜಾಸ್ತಿ ಮಲಗುತ್ತದೆ ಅಷ್ಟೇ. ದಿನಾ ಆಡಿಸುವವರಿಗೆ ಅದು ಮೊದಲೇ ತಿಳಿಯುತ್ತದೆ. ಹೋದ ವರ್ಷ ಚುಕ್ಕಿ ಗರಿಯ ಹಿಂದೆ ಕುರ್ಚಿಯವರೆಗೂ ಓಡಿ ಬಂದಳು. ಮೇಲೆ ನೋಡಿದಳು. ಮುಂಗಾಲು ಎತ್ತಿ ಕುರ್ಚಿಯ ಅಂಚಿಗೆ ಇಟ್ಟಳು. ಆಮೇಲೆ ಇಳಿಸಿ ಕೂತುಬಿಟ್ಟಳು. ಹಿಂದಿನ ವಾರದ ತನಕ ಅದೇ ಕುರ್ಚಿಗೆ ಯೋಚನೆ ಇಲ್ಲದೆ ಹಾರುತ್ತಿದ್ದವಳು. ಎಕ್ಸ್‌ರೇ ತೆಗೆದರೆ ಸೊಂಟದ ಕೀಲು ಸವೆದಿತ್ತು. ನಾನು ದಿನಾ ಬೆಕ್ಕುಗಳನ್ನೇ ನೋಡುವವನು. ಆಟ ಇಲ್ಲದೆ ಹೋಗಿದ್ದರೆ ಅವಳಿಗೆ ವಯಸ್ಸಾಯಿತು, ನಿಧಾನ ಆಗಿದ್ದಾಳೆ ಅಂದುಕೊಂಡು ಇನ್ನೆಷ್ಟು ತಿಂಗಳು ಅವಳನ್ನು ಆ ನೋವಿನಲ್ಲೇ ಬಿಡುತ್ತಿದ್ದೆನೋ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ 90 ಬೆಕ್ಕುಗಳಿಗೆ ಕೀಲು ಸವೆತ ಇತ್ತು. ಈಗ ಚುಕ್ಕಿಗೆ ಔಷಧ ನಡೆದಿದೆ, ಗರಿ ನೆಲದ ಮೇಲೇ ಓಡುತ್ತದೆ, ಕುರ್ಚಿ ಹತ್ತಿಸುವುದಿಲ್ಲ. ಮುದಿ ಬೆಕ್ಕಿಗೆ ಆಟ ನಿಲ್ಲಿಸಬಾರದು, ಎತ್ತರ ಇಳಿಸಬೇಕು, ಹೊತ್ತು ಕಡಿಮೆ ಮಾಡಬೇಕು.

ಓಡಿದ ಮೇಲೆ ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಟ್ಟರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೆಕ್ಕಿಗೆ ಅದು ಸಹಜ ಅಲ್ಲ, ಹೃದಯದ ತೊಂದರೆಯೂ ಇರಬಹುದು.

ದಾರದ ಬಗ್ಗೆ ಖಂಡಿತ ಎಚ್ಚರ ಬೇಕು. ಆಟ ಮುಗಿದ ಕೂಡಲೇ ಕೋಲು, ದಾರ ಎರಡೂ ಬಾಗಿಲಿರುವ ಕಪಾಟಿಗೆ ಹೋಗಬೇಕು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿವೆ. ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತಾ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟುವ ಹಾಗೆ ಕರುಳು ನೆರಿಗೆ ಕಟ್ಟುತ್ತದೆ. ದಾರ ಕರುಳನ್ನು ಕೊಯ್ಯಲೂಬಹುದು. ರಬ್ಬರ್ ಬ್ಯಾಂಡ್, ಕೂದಲಿಗೆ ಹಾಕುವ ಬ್ಯಾಂಡ್, ರಿಬ್ಬನ್, ಹೊಲಿಗೆ ದಾರ ಎಲ್ಲಕ್ಕೂ ಇದೇ ಮಾತು. ಬಾಯಿಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ. ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಕ್ಕು ತಾನಾಗೇ ಆಡಿಕೊಳ್ಳುವುದಿಲ್ಲವೇ ಅಂದಿರಿ. ಮರಿ ಇದ್ದಾಗ ಆಡಿಕೊಳ್ಳುತ್ತದೆ. ಒಡಹುಟ್ಟಿದ ಮರಿ, ತನ್ನದೇ ಬಾಲ, ಗಾಳಿಗೆ ಅಲ್ಲಾಡುವ ಪರದೆ ಎಲ್ಲವೂ ಆಟವೇ. ಬೆಳೆದ ಮೇಲೆ ಕಡಿಮೆಯಾಗುತ್ತದೆ. ಜೊತೆಗೆ ಇನ್ನೊಂದು ಬೆಕ್ಕು ತಂದರೆ ಆಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಎರಡೂ ಹೊಂದಿಕೊಂಡರೆ ಚೆಂದ. ಹೊಂದದಿದ್ದರೆ ಎರಡಕ್ಕೂ ಒತ್ತಡ. ಆಟಕ್ಕೋಸ್ಕರ ಅಂತಲೇ ಇನ್ನೊಂದನ್ನು ತರುವ ಸಲಹೆ ನಾನು ಕೊಡುವುದಿಲ್ಲ. ಎರಡಿದ್ದ ಮನೆಯಲ್ಲೂ ಒಂದೊಂದನ್ನು ಬೇರೆ ಬೇರೆಯಾಗಿ ಆಡಿಸಬೇಕಾಗುತ್ತದೆ. ಜೋರಿನದು ಎರಗುತ್ತದೆ, ಮೆತ್ತಗಿನದು ಗೋಡೆ ಪಕ್ಕ ಕೂತು ನೋಡುತ್ತದೆ.

ಈಗ ನಿಮ್ಮ ಕೆಲಸ. ಈ ವಾರ ಮೊದಲು ಅವನನ್ನು ಡಾಕ್ಟರಿಗೆ ತೋರಿಸಿ. ಹೃದಯ, ಕೀಲು, ಹಲ್ಲು ಪರೀಕ್ಷೆ ಮಾಡಿಸಿ, ತೂಕ ಬರೆದಿಡಿ. ಅಲ್ಲಿಯವರೆಗೆ ನೆಗೆತ ಬೇಡ, ನೆಲದ ಮೇಲಿನ ಆಟ ಸಾಕು. ಇವತ್ತು ರಾತ್ರಿ ದೀಪ ಸ್ವಲ್ಪ ಮಂದ ಮಾಡಿ ನೆಲದ ಮೇಲೆ ಕೂತುಕೊಳ್ಳಿ. ಗರಿಯನ್ನು ಚಾಪೆಯ ಕೆಳಗೆ ಇಡಿ. ಅವನನ್ನು ಕರೆಯಬೇಡಿ, ಅವನ ಕಡೆ ನೋಡಲೂಬೇಡಿ. ಒಂದು ಸಲ ಸಣ್ಣಗೆ ಅಲ್ಲಾಡಿಸಿ ಕಾಯಿರಿ. ಮೊದಲ ದಿನ ಕಿವಿ ಮಾತ್ರ ತಿರುಗಬಹುದು. ಅಷ್ಟಾದರೂ ಶುರುವಾಯಿತು ಅಂತಲೇ ಲೆಕ್ಕ. ನಾಳೆ ರಾತ್ರಿ ಅದೇ ಹೊತ್ತಿಗೆ ಮತ್ತೆ ಕೂತುಕೊಳ್ಳಿ.